ಮೀನುಮೆಟ್ಟಿಲ ಬಳಿಯ ಶುಕ್ರವಾರ

ಆ ಮುದುಕರಿಗೆ ಆಗ ತೊಂಬತ್ತೊಂದು ವರ್ಷ. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಚೆನ್ನಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಮಾರ್ಚಿನಿಂದ ಜೂನಿನವರೆಗೆ, ಪ್ರತಿ ಶನಿವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಿ, ಅವರು ಇಪ್ಪತ್ತರ ಹರೆಯದಲ್ಲಿ ಬರೆದ ಡೈರಿಯನ್ನು ಅವರಿಗೇ ಓದಿ ಹೇಳುತ್ತಿದ್ದೆ. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ನನಗೆ ಈಗ ಅದು ನೆನಪಾಗುವುದು ಕನ್ನಡದಲ್ಲಿಯೇ.

ನಾನು ಡ್ಯಾನ್‌ವಿಲ್‌ಗೆ ಬಂದದ್ದು ಅಕ್ಕನ ಬಾಣಂತನಕ್ಕೆ. ಬರಬೇಕಾಗಿದ್ದವಳು ಅಮ್ಮ, ಅವಳಿಗೆ ಆ ವರ್ಷ ಆಪರೇಷನ್ ಆಯಿತು. ಚರಿತ್ರೆಯಲ್ಲಿ ಎಂ.ಎ. ಮುಗಿಸಿ ಮೈಸೂರಿನಲ್ಲಿ ಕೆಲಸ ಹುಡುಕುತ್ತಿದ್ದ ನನ್ನನ್ನು ಅವಳ ಬದಲಿಗೆ ಆರು ತಿಂಗಳ ಮಟ್ಟಿಗೆ ಕಳಿಸಿದರು. ಮೆಂತ್ಯದ ಲೇಹ್ಯ ಮಾಡಲು ಬಾರದವಳು ಬಾಣಂತನಕ್ಕೆ ಬಂದಿದ್ದಾಳೆ ಎಂದು ಭಾವ ಗೇಲಿ ಮಾಡುತ್ತಿದ್ದರು. ಅಕ್ಕ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಭಾವನಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ. ಅಕ್ಕ ಮತ್ತೆ ಡ್ಯೂಟಿಗೆ ಹೋಗತೊಡಗಿದ ಮೇಲೆ ವಾರದ ದಿನಗಳಲ್ಲಿ ಮನೆಯಲ್ಲಿ ಮಗುವೂ ನಾನೂ ಇಬ್ಬರೇ. ಶನಿವಾರ ನನಗೆ ಬಿಡುವು. ಊರಿನ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ನೋಡಿದೆ: ಹಳೆಯ ಕೈಬರಹ ಓದಬಲ್ಲವರು, ಟೈಪಿಂಗ್ ಬರುವವರು, ಸಂಬಳ ಬಯಸದವರು ಬೇಕು. ಆ ಮೂರೂ ನನಗೆ ಒಪ್ಪುತ್ತಿದ್ದವು. ನನ್ನ ವೀಸಾದಲ್ಲಿ ಸಂಬಳ ತೆಗೆದುಕೊಳ್ಳುವಂತೆಯೇ ಇರಲಿಲ್ಲ.

ಮನೆ ನಮ್ಮಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ. ಹಿತ್ತಲಲ್ಲಿ ಹಳೆಯ ತೋಟದಿಂದ ಉಳಿದ ನಾಲ್ಕು ಆಕ್ರೋಟ್ ಮರಗಳಿದ್ದವು. ಮುದುಕರು ಮಗಳ ಜೊತೆಗಿದ್ದರು. ಆಕೆಗೆ ಅರವತ್ತರ ಆಸುಪಾಸು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದವರು. ಜೂನಿನಲ್ಲಿ ಅಪ್ಪನ ಹುಟ್ಟುಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಸೇರುವವರಿದ್ದರು. ಅಷ್ಟರೊಳಗೆ ಡೈರಿಯನ್ನು ಟೈಪು ಮಾಡಿಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡುವುದು ಆಕೆಯ ಯೋಜನೆ. ನಾನು ಶನಿವಾರ ಓದಿದ ಪುಟಗಳ ಫೋಟೊಕಾಪಿಯನ್ನು ಮನೆಗೆ ತಂದು, ಮಗು ಮಧ್ಯಾಹ್ನ ಮಲಗಿದಾಗ ಗರಾಜಿನಲ್ಲಿ ವಾಷಿಂಗ್ ಮಷೀನಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಟೈಪು ಮಾಡುತ್ತಿದ್ದೆ.

ಮೊದಲ ದಿನವೇ ಮುದುಕರು ಕೇಳಿದರು: “ಮಿಸ್, ನಿಮ್ಮ ದೇಶದಲ್ಲಿ ಎಲ್ಲರೂ ಇಷ್ಟು ಮೆತ್ತಗೆ ಓದ್ತಾರಾ, ಇಲ್ಲ ನನ್ನ ಕಿವೀನೂ ಹೋಯ್ತಾ?”

“ನಾನು ಮಾತ್ರ ಹೀಗೆ, ಸರ್.”

“ಸರಿ ಬಿಡಿ. ಅದು ಗುಟ್ಟಿನ ಪುಸ್ತಕ. ಗುಟ್ಟಾಗೇ ಓದಿ.”

ಡೈರಿ ನಿಜವಾಗಿಯೂ ಗುಟ್ಟಿನದಾಗಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಅವರು ಹೊಲಿಗೆ ಯಂತ್ರದ ಕಂಪನಿಯೊಂದರ ಏಜೆಂಟಾಗಿ, ಅದಕ್ಕಿಂತ ಹೆಚ್ಚಾಗಿ ಊರು ನೋಡುವ ಹುಚ್ಚಿನಿಂದ, ಓಕ್ಲ್ಯಾಂಡಿನಿಂದ ಹೊರಟು ತುರ್ಕರ ಸುಲ್ತಾನನ ಆಳ್ವಿಕೆಯ ಸ್ಮಿರ್ನಾ ಬಂದರಿಗೆ ಹೋಗಿದ್ದರು. ಈಗ ಅದರ ಹೆಸರು ಇಜ್ಮಿರ್. ಅಲ್ಲಿ ಸುಂಕದ ಕಚೇರಿಯ ದುಭಾಷಿಯೊಬ್ಬ ಸ್ನೇಹಿತನಾದ. ಇವರಿಗಿಂತ ಎರಡು ವರ್ಷ ದೊಡ್ಡವನು, ಐದು ಭಾಷೆ ಬಲ್ಲವನು, ಇಂಗ್ಲಿಷನ್ನು ಇವರಿಂದಲೇ ತಿದ್ದಿಸಿಕೊಳ್ಳುತ್ತಿದ್ದವನು. ಬಂದರಿನಲ್ಲಿ ಪರದೇಶಗಳು ತಮ್ಮದೇ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವು; ಅಲ್ಲಿ ಹಾಕಿದ ಕಾಗದವನ್ನು ಸರ್ಕಾರ ಒಡೆಯುವಂತಿರಲಿಲ್ಲ. ಸ್ನೇಹಿತ ಒಂದು ದಿನ ಒಂದು ಲಕೋಟೆ ಕೊಟ್ಟು ಅಂಚೆಗೆ ಹಾಕಲು ಹೇಳಿದ. ಆಮೇಲೆ ವಾರಕ್ಕೊಂದು. ಸರ್ಕಾರದ ವಿರುದ್ಧ ಪ್ಯಾರಿಸ್ಸಿನಲ್ಲಿ ಕೂತು ಬರೆಯುತ್ತಿದ್ದವರಿಗೆ ಹೋಗುತ್ತಿದ್ದ ಕಾಗದಗಳು ಅವು. ಇಪ್ಪತ್ತು ವರ್ಷದ ಹುಡುಗನಿಗೆ ಅದೊಂದು ಆಟ. “ಇವತ್ತು ಮತ್ತೆ ಅಂಚೆ ಮೋಜು” ಎಂದು ಡೈರಿಯಲ್ಲಿ ಬರೆದುಕೊಂಡಿದ್ದರು.

ಆ ಊರಿನ ಗಡಿಯಾರದ ಬಗ್ಗೆ ಬರೆದ ಒಂದು ಪುಟ ನನಗೆ ಬಹಳ ಹಿಡಿಸಿತು. ಅಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಆಗ ಮುಳ್ಳುಗಳನ್ನು ಹನ್ನೆರಡಕ್ಕೆ ತಿರುಗಿಸಿ ಹೊಸದಾಗಿ ಎಣಿಕೆ. ಸೂರ್ಯ ಮುಳುಗಿ ಒಂದು ತಾಸಾದರೆ ಅವರ ಲೆಕ್ಕದಲ್ಲಿ ಒಂದು ಗಂಟೆ. ಊರವರೆಲ್ಲ ದಿನಾ ಸಂಜೆ ಜೇಬಿನ ಗಡಿಯಾರ ತೆಗೆದು ತಿರುಗಿಸಿಕೊಳ್ಳುವುದನ್ನು ಅವರು ತಮಾಷೆಯಾಗಿ ವರ್ಣಿಸಿದ್ದರು.

“ನಮ್ಮಜ್ಜನೂ ಹೀಗೇ, ಸರ್. ಸೂರ್ಯ ಹುಟ್ಟಿದಾಗಿನಿಂದ ಘಳಿಗೆ ಎಣಿಸ್ತಾರೆ” ಎಂದೆ. ನಾನಾಗಿ ಏನಾದರೂ ಹೇಳಿದ್ದು ಅದೇ ಮೊದಲು.

“ಅವರ ಬಸ್ಸು ತಪ್ಪಲ್ವಾ?”

“ಬಸ್ಸಿಗೆ ಬೇರೆ ಗಡಿಯಾರ ಇದೆ.”

ಅವರು ಜೋರಾಗಿ ನಕ್ಕರು. ಅಡುಗೆಮನೆಯಿಂದ ಮಗಳು ಇಣುಕಿ ನೋಡಿದರು.

ಆ ಮನೆಯಲ್ಲಿ ಡೈರಿಯ ಕೊನೆ ಎಲ್ಲರಿಗೂ ಗೊತ್ತಿತ್ತು. ಮುದುಕರು ಎಪ್ಪತ್ತು ವರ್ಷದಿಂದ ಅದನ್ನು ಊಟದ ಮೇಜಿನಲ್ಲಿ ಹೇಳುತ್ತ ಬಂದಿದ್ದರು. ಪೊಲೀಸರಿಗೆ ದುಭಾಷಿಯ ಮೇಲೆ ಅನುಮಾನ ಬಂತು. ಇವರು ಅವನನ್ನು ತಮ್ಮ ಆಳು ಎಂದು ಹೇಳಿ ಪರದೇಶದ ಹಡಗಿಗೆ ಹತ್ತಿಸಿಕೊಳ್ಳುವುದೆಂದು ಮಾತಾಯಿತು. ಪರದೇಶಿಯ ಜೊತೆ ಇರುವ ಆಳನ್ನು ಪೊಲೀಸರು ಸುಲಭಕ್ಕೆ ಮುಟ್ಟುತ್ತಿರಲಿಲ್ಲ; ಹಡಗು ಹತ್ತಿದ ಮೇಲಂತೂ ಅದು ಬೇರೆ ದೇಶವೇ. ಹಡಗು ಬುಧವಾರವೇ ಬಂದು ಲಂಗರು ಹಾಕಿತ್ತು, ಶನಿವಾರ ಬೆಳಿಗ್ಗೆ ಹೊರಡುವುದಿತ್ತು. ಯಾವಾಗ, ಎಲ್ಲಿ ಸೇರುವುದು ಎಂದು ದುಭಾಷಿ ಒಂದು ಚೀಟಿ ಕಳಿಸಿದ. ಇವರು ಆ ಹೊತ್ತಿಗೆ ಸರಿಯಾಗಿ ಹೋದರು. ಹಡಗಿಗೆ ಒಯ್ಯಬೇಕಿದ್ದ ದೋಣಿಯಿರಲಿಲ್ಲ, ಸ್ನೇಹಿತನಿರಲಿಲ್ಲ; ಲಾಂದ್ರ ಹಿಡಿದ ಇಬ್ಬರು ಪೊಲೀಸರಿದ್ದರು. ತಮ್ಮ ಕಾಗದಪತ್ರ ತೋರಿಸಿ, ಕುಡಿದವರಂತೆ ನಟಿಸಿ ತಪ್ಪಿಸಿಕೊಂಡರು.

“ನಾನು ಬರೋ ಜಾಗ, ಬರೋ ಹೊತ್ತು ಗೊತ್ತಿದ್ದಿದ್ದು ಅವನೊಬ್ಬನಿಗೇ. ನನ್ನ ಸಿಗರೇಟು ಸೇದ್ದ, ನನ್ನ ಇಂಗ್ಲಿಷ್ ಕಲಿತ, ಕೊನೆಗೆ ನನ್ನನ್ನೇ ಹಿಡಿದುಕೊಟ್ಟ” ಎಂದು ಕತೆ ಮುಗಿಸುತ್ತಿದ್ದರು. ಆ ಸ್ನೇಹಿತನ ಹೆಸರು ಆ ಮನೆಯಲ್ಲಿ ಬೈಗುಳವಾಗಿತ್ತು. ಒಂದು ಶನಿವಾರ ಮೊಮ್ಮಕ್ಕಳ ಮಕ್ಕಳು ಬಂದಿದ್ದರು. ಇಸ್ಪೀಟಿನಲ್ಲಿ ಒಬ್ಬಳು ಎಲೆ ಬಚ್ಚಿಟ್ಟಳು. ಉಳಿದವರು ಬೆರಳು ತೋರಿಸಿ ಆ ಹೆಸರು ಹಿಡಿದು ಕಿರುಚಿದರು. ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಏಪ್ರಿಲ್ ಕೊನೆಗೆ ಅಜ್ಜನ ಕಾಗದ ಬಂತು. ಅಕ್ಕನ ಮಗು ಹುಟ್ಟಿದ್ದು ಶುಕ್ರವಾರ, ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ. ಹಾಗೆಂದು ಬರೆದು ಕಳಿಸಿದ್ದೆವು. ಅಜ್ಜ ಜಾತಕ ಬರೆಯಲು ಕೂತವರು ಅರ್ಧಕ್ಕೆ ನಿಲ್ಲಿಸಿ ಕೇಳಿದ್ದರು: ನೀವು ಬರೆದದ್ದು ಇಂಗ್ಲಿಷ್ ಶುಕ್ರವಾರವೋ ನಮ್ಮದೋ? ಸೂರ್ಯೋದಯಕ್ಕೆ ಮುಂಚೆ ಹುಟ್ಟಿದ್ದರೆ ಮಗು ಹುಟ್ಟಿದ್ದು ಗುರುವಾರ. ಸರಿಯಾಗಿ ತಿಳಿಸಿ, ಊಹೆಯ ಮೇಲೆ ನಾನು ಬರೆಯುವುದಿಲ್ಲ.

“ಬರ್ತ್ ಸರ್ಟಿಫಿಕೇಟಲ್ಲಿ ಫ್ರೈಡೇ, ಜಾತಕದಲ್ಲಿ ಗುರುವಾರ” ಎಂದರು ಭಾವ. “ದೊಡ್ಡವಳಾದ್ಮೇಲೆ ಇವಳಿಗೆ ಎರಡೆರಡು ಬರ್ತ್‌ಡೇ ಪಾರ್ಟಿ ಕೊಡಿಸ್ಬೇಕೋ ಏನೋ.”

“ನೀವು ಸುಮ್ನಿರಿ. ಅಜ್ಜನಿಗೆ ನಾನು ಆವತ್ತೇ ವಿವರವಾಗಿ ಬರೀಬೇಕಿತ್ತು” ಎಂದಳು ಅಕ್ಕ. “ನಮ್ಮ ತಲೇಲಿರೋದು ಅವರಿಗೂ ಗೊತ್ತಿರತ್ತೆ ಅಂದ್ಕೊಂಡ್ಬಿಡ್ತೀವಿ, ನೋಡು.”

ಮರುದಿನ ಮಧ್ಯಾಹ್ನ ಗರಾಜಿನಲ್ಲಿ ನಾನು ಡೈರಿಯ ಕೊನೆಯ ಪುಟಗಳನ್ನು ಟೈಪು ಮಾಡತೊಡಗಿದೆ. ಇವನ್ನು ಇನ್ನೂ ಗಟ್ಟಿಯಾಗಿ ಓದಿರಲಿಲ್ಲ. ಮುದುಕರಿಗೆ ನೆಗಡಿಯೆಂದು ಆ ಶನಿವಾರದ ಓದು ತಪ್ಪಿತ್ತು; ಪುಟಗಳನ್ನು ಮಾತ್ರ ತಂದಿದ್ದೆ. ದುಭಾಷಿಯ ಚೀಟಿಯನ್ನು ಒಂದು ಪುಟಕ್ಕೆ ಅಂಟಿಸಿದ್ದರು. ನೇರವಾದ, ಶಾಲೆಯ ಹುಡುಗನಂಥ ಅಕ್ಷರ. ಮೂರೇ ಸಾಲು, ಕೆಳಗೆ ಅವನ ಸಹಿ: ಶುಕ್ರವಾರ. ನಮ್ಮ ಗಡಿಯಾರದಲ್ಲಿ ಒಂದು ಗಂಟೆ. ಮೀನುಮೆಟ್ಟಿಲು.

ಮೀನು ಇಳಿಸುವ ಮೆಟ್ಟಿಲುಗಳಿಗೆ ಅವರಿಬ್ಬರೂ ಇಟ್ಟುಕೊಂಡಿದ್ದ ಹೆಸರು ಅದು. ಒಂದು ಗಂಟೆಯೆಂದರೆ ಸೂರ್ಯ ಮುಳುಗಿ ಒಂದು ತಾಸು. ಆ ಲೆಕ್ಕವನ್ನು ಮುದುಕರು ಸರಿಯಾಗಿಯೇ ಹಾಕಿ, ಶುಕ್ರವಾರ ಸಂಜೆ ಹೋಗಿದ್ದರು.

ಟೈಪು ಮಾಡುತ್ತಿದ್ದ ನನ್ನ ಕೈ ನಿಂತಿತು. ದಿನ ಶುರುವಾಗುವುದು ಸೂರ್ಯ ಮುಳುಗಿದಾಗ ಎಂದಾದರೆ, ಶುಕ್ರವಾರದ ಮೊದಲ ಗಂಟೆ ಶುಕ್ರವಾರ ಸಂಜೆ ಬರುವುದಿಲ್ಲ. ನಾವು ಗುರುವಾರ ಸಂಜೆ ಎನ್ನುತ್ತೇವಲ್ಲ, ಅದೇ ಅವರ ಶುಕ್ರವಾರದ ಆರಂಭ. ಮುದುಕರು ಮುಳ್ಳನ್ನು ತಿರುಗಿಸಿದ್ದರು, ವಾರವನ್ನು ತಿರುಗಿಸಿರಲಿಲ್ಲ. ದುಭಾಷಿಯೂ ಗಂಟೆ ಯಾರದ್ದು ಎಂದು ಎಚ್ಚರಿಕೆಯಿಂದ ಬರೆದವನು ವಾರ ಯಾರದ್ದು ಎಂದು ಬರೆಯಲಿಲ್ಲ. ಅದು ಬರೆಯಬೇಕಾದ ಸಂಗತಿಯೆಂದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ.

ಇದು ನನ್ನ ಊಹೆ ಮಾತ್ರ ಎಂದುಕೊಂಡು ಮುಂದಿನ ಪುಟ ತಿರುಗಿಸಿದೆ. ಗುರುವಾರದ ಕೆಳಗೆ ಎರಡು ಸಾಲಿದ್ದವು: ಬೇಗ ಊಟ ಮಾಡಿದೆ. ನಾಳೆಗೆ ಮೈ ಹಗುರವಾಗಿರಲಿ ಎಂದು ಬೇಗ ಮಲಗಿದೆ. ಶುಕ್ರವಾರ ಬೆಳಗಿನದು ಸ್ವಲ್ಪ ಉದ್ದ: ಕ್ಷೌರಕ್ಕೆ ಹೋಗಿದ್ದೆ. ನಿನ್ನೆ ಸಂಜೆ ಮೀನುಮೆಟ್ಟಿಲ ಬಳಿ ಗಲಾಟೆಯಾಗಿ ಯಾರನ್ನೋ ಹಿಡಿದುಕೊಂಡು ಹೋದರಂತೆ, ಬಹಳ ಹೊತ್ತು ಒಬ್ಬನೇ ನಿಂತಿದ್ದನಂತೆ ಎಂದು ಕ್ಷೌರಿಕ ಹೇಳಿದ. ಇವತ್ತು ನಾವು ಅಲ್ಲಿ ಹುಷಾರಾಗಿರಬೇಕು.

ಶುಕ್ರವಾರ ಅಲ್ಲಿದ್ದ ಪೊಲೀಸರು, ಹಾಗಾದರೆ, ಹಿಂದಿನ ಸಂಜೆ ಸಿಕ್ಕಿಬಿದ್ದವನ ಜೊತೆಗಾರರಿಗಾಗಿ ಕಾದಿದ್ದವರು. ಕ್ಷೌರಿಕನ ಆ ಸಾಲನ್ನು ಬರೆದ ಮೇಲೆ ಮುದುಕರು ಮತ್ತೆಂದೂ ಓದಿರಲಿಲ್ಲವೆಂದು ಕಾಣುತ್ತದೆ. ಕತೆಯನ್ನು ಹೇಳಲು ಅವರಿಗೆ ಡೈರಿ ಬೇಕಿರಲಿಲ್ಲ.

ಆ ಸಂಜೆ ಅಕ್ಕನಿಗೆ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಚುತ್ತಿದ್ದಳು.

“ನಮ್ಮೂರಲ್ಲಿ ತೊಂಬತ್ತು ದಾಟಿದವರಿಗೆ ಬಯಾಪ್ಸಿ ರಿಪೋರ್ಟೇ ತೋರಿಸಲ್ಲ ಕಣೇ. ನೀನು ಎಪ್ಪತ್ತು ವರ್ಷದ ಹಿಂದಿನ ರಿಪೋರ್ಟ್ ಹಿಡ್ಕೊಂಡು ಹೊರಟಿದೀಯ. ಟೈಪ್ ಮಾಡಿ ಕೊಟ್ಟು ಬಾ. ನಿನಗ್ಯಾಕೆ ಆ ಉಸಾಬರಿ?”

“ಸತ್ತವನ ಕಡೆ ಲಾಯರ್ ಯಾರೂ ಇಲ್ವಲ್ಲ” ಎಂದರು ಭಾವ ಪೇಪರಿನ ಹಿಂದಿನಿಂದ.

“ಇವಳು ಯಾವಾಗ ಲಾಯರಾದ್ಳು? ಫೋನಲ್ಲಿ ಪಿಜ್ಜಾ ಹೇಳಕ್ಕೇ ಹೆದರ್ತಾಳೆ.”

ಅಕ್ಕ ಹೇಳಿದ್ದು ನಿಜ. ಬೇರೆಯವರ ಮನೆಯ ವಿಷಯದಲ್ಲಿ ತಲೆ ಹಾಕುವುದು ನನ್ನ ಸ್ವಭಾವವಲ್ಲ. ಮುಂದಿನ ಶನಿವಾರದವರೆಗೆ ನಾನು ಎರಡೂ ಕಡೆಯಿಂದ ಯೋಚಿಸಿದೆ. ಹೇಳಿದರೆ ಒಬ್ಬ ಮುದುಕ ತನ್ನ ಕೊನೆಯ ದಿನಗಳನ್ನು ಮೋಸಹೋದವನಾಗಿ ಅಲ್ಲ, ಸ್ನೇಹಿತನನ್ನು ಕಾಯಿಸಿ ಕಳೆದುಕೊಂಡವನಾಗಿ ಕಳೆಯಬೇಕು. ಹೇಳದಿದ್ದರೆ ನಾನು ಟೈಪು ಮಾಡಿದ ಅಷ್ಟೂ ಪ್ರತಿಗಳ ಜೊತೆ ಒಬ್ಬ ನಿರಪರಾಧಿಯ ಹೆಸರು ದ್ರೋಹಿಯ ಹೆಸರಾಗಿ ಇನ್ನೊಂದು ತಲೆಮಾರಿಗೆ ಹೋಗುತ್ತದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ, ಈಗ ನೋಡಿದರೆ ಅದೂ ಒಂದು ರೀತಿಯ ತಪ್ಪಿಸಿಕೊಳ್ಳುವಿಕೆಯೇ. ನಾನಾಗಿ ಏನೂ ಹೇಳುವುದಿಲ್ಲ. ಒಂದು ಪದವನ್ನೂ ಬಿಡದೆ ಓದುತ್ತೇನೆ.

ಹಾಗೆಯೇ ಓದಿದೆ. ಚೀಟಿಯ ಮೂರು ಸಾಲು, ಗುರುವಾರದ ಎರಡು ಸಾಲು, ಕ್ಷೌರಿಕನ ಮಾತು.

“ನಿಲ್ಲಿ” ಎಂದರು. “ಕ್ಷೌರಿಕನ ವಿಷಯ ಇನ್ನೊಂದ್ಸಲ.”

ಓದಿದೆ.

“ಇದು ನನಗೆ ನೆನಪೇ ಇಲ್ಲ. ಯಾರೋ ಕಳ್ಳನಿರಬೇಕು.”

ನಾನು ಮುಂದಿನ ಸಾಲಿಗೆ ಹೋಗದೆ ಬೆರಳನ್ನು ಅಲ್ಲೇ ಇಟ್ಟುಕೊಂಡೆ.

“ಮಿಸ್, ನೀವು ಉಸಿರು ಬಿಡ್ತಾ ಇಲ್ಲ. ಏನದು, ಹೇಳಿ.”

ಆಗ ಕೇಳಿದೆ: “ಸರ್, ಆ ಊರಲ್ಲಿ ಶುಕ್ರವಾರ ಯಾವಾಗ ಶುರುವಾಗ್ತಿತ್ತು?”

“ಯಾವಾಗ ಅಂದ್ರೆ? ಸಂಜೆ. ಸೂರ್ಯ ಮುಳುಗಿದ ತಕ್ಷಣ. ಗುರುವಾರ ಸಂಜೆನೇ ಮಸೀದಿ ಗೋಪುರಕ್ಕೆಲ್ಲ ದೀಪ…”

ಅವರ ಕೈ ಕುರ್ಚಿಯ ತೋಳಿನ ಮೇಲೆ ಏನನ್ನೋ ಹುಡುಕಿದಂತೆ ಆಡಿತು. ನನಗೆ ಅದನ್ನು ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಳ್ಳಲಿಲ್ಲ.

“ಗುರುವಾರ ಸಂಜೆ ನಾನೆಲ್ಲಿದ್ದೆ? ಓದಿ.”

“ಬೇಗ ಊಟ ಮಾಡಿದೆ. ನಾಳೆಗೆ ಮೈ ಹಗುರವಾಗಿರಲಿ ಎಂದು ಬೇಗ ಮಲಗಿದೆ.”

“ಹೋಟೆಲಿಂದ ಮೆಟ್ಟಿಲಿಗೆ ಎರಡು ಬೀದಿ” ಎಂದರು. ಆಮೇಲೆ ಕೇಳಿದರು: “ನಾನು ಬೇಕೂಂತಲೇ ಬರಲಿಲ್ಲ ಅಂದ್ಕೊಂಡಿರ್ತಾನಾ?”

ಇಲ್ಲವೆನ್ನಬಹುದಿತ್ತು. ಅವನು ಹೇಗೋ ತಪ್ಪಿಸಿಕೊಂಡಿರಬಹುದು ಎನ್ನಬಹುದಿತ್ತು. “ಅದು ಪುಸ್ತಕದಲ್ಲಿಲ್ಲ, ಸರ್” ಎಂದೆ. ಆ ಉತ್ತರ ಸರಿಯಾದದ್ದು. ಅದಕ್ಕಾಗಿ ನನ್ನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮಗಳು ನನ್ನನ್ನು ಹೊರಗೆ ಆಕ್ರೋಟ್ ಮರದವರೆಗೆ ಕರೆದುಕೊಂಡು ಹೋದರು. ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು.

“ಎಪ್ಪತ್ತು ವರ್ಷ ಅವರಿಗೆ ಆಸರೆಯಾಗಿದ್ದ ಕತೆ ಅದು. ನಿಮಗೆ ಅದು ಒಂದು ಲೆಕ್ಕ, ಅಲ್ವಾ? ಬಿಡಿಸಿದ್ರಿ, ಉತ್ತರ ಬಂತು.”

“ಕ್ಷಮಿಸಿ.”

“ಡೈರಿ ಹೇಗಿದೆಯೋ ಹಾಗೆ ಟೈಪ್ ಮಾಡಿ ಕೊಡಿ. ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ಮಕ್ಕಳಿಗೆ ಇದೆಲ್ಲ ಗೊತ್ತಾಗೋದು ನನಗೆ ಇಷ್ಟವಿಲ್ಲ.”

ಒಪ್ಪಿಕೊಂಡೆ. ಡೈರಿಯಲ್ಲಿ ನನ್ನ ಲೆಕ್ಕಕ್ಕೆ ಜಾಗವಿಲ್ಲವೆಂಬುದು ನನಗೂ ಸರಿಯೆನ್ನಿಸಿತು. ಮುಂದಿನ ಎರಡು ಶನಿವಾರ ಬರಬೇಡಿರೆಂದು ಫೋನು ಬಂತು. ಮೂರನೆಯ ಶನಿವಾರ ಮುದುಕರೇ ಹೇಳಿಕಳಿಸಿದರು.

ಅವರು ಕ್ಷೌರ ಮಾಡಿಕೊಂಡಿರಲಿಲ್ಲ. ತಮಾಷೆಯ ಮಾತು ಒಂದೂ ಬರಲಿಲ್ಲ. “ಬರ್ಕೊಳ್ಳಿ” ಎಂದು ಶುರುಮಾಡಿದರು. ಒಂದು ವಾಕ್ಯ ಹೇಳುವರು, ಓದಿಸುವರು, ಹೊಡೆದುಹಾಕಿ ಎನ್ನುವರು. ಮಧ್ಯಾಹ್ನದವರೆಗೆ ಕೂತರೂ ನಾಲ್ಕೇ ವಾಕ್ಯ ಉಳಿದವು. ಮೊದಲನೆಯದು ಸ್ನೇಹಿತನ ಪೂರ್ತಿ ಹೆಸರು, ಅವನ ತಂದೆಯ ಹೆಸರು, ಅವನು ಇದ್ದ ಬೀದಿ. ಎರಡನೆಯದು, ಅವನು ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು ಕಾದಿದ್ದ ಎಂಬುದು. ಮೂರನೆಯದು, ನಾನು ಒಂದು ದಿನ ತಡವಾಗಿ ಹೋದೆ. ನಾಲ್ಕನೆಯದು, ಇಷ್ಟು ವರ್ಷ ನಾನು ಅವನ ಬಗ್ಗೆ ಹೇಳಿದ್ದೆಲ್ಲ ಸುಳ್ಳು, ಅದನ್ನು ಕೇಳಿದವರು ಮರೆಯಬೇಕು.

“ಸುಳ್ಳಲ್ಲ, ಸರ್. ತಪ್ಪು ತಿಳಿವಳಿಕೆ” ಎಂದೆ.

“ಒಂದ್ಸಲ ಹೇಳಿದ್ರೆ ತಪ್ಪು ತಿಳಿವಳಿಕೆ. ಎಪ್ಪತ್ತು ವರ್ಷ ಹೇಳಿದ್ರೆ? ಪುಸ್ತಕ ಕೈಯಲ್ಲೇ ಇತ್ತು. ಕಣ್ಣೂ ಇತ್ತು ಆಗ. ಸುಳ್ಳು ಅಂತಲೇ ಬರೀರಿ.”

“ಈ ಹಾಳೆ ಎಲ್ಲಿಗೆ ಸೇರಿಸ್ಲಿ? ಕೊನೇಲಾ?”

“ಗುರುವಾರ ಆದ್ಮೇಲೆ.”

ನಾನು ವಾಪಸು ಹೊರಡುವ ಟಿಕೆಟ್ಟಿಗೆ ಒಂಬತ್ತು ದಿನವಿತ್ತು. ಗರಾಜಿನಲ್ಲಿ ಆ ಹಾಳೆಯನ್ನು ಟೈಪು ಮಾಡಿದೆ. ಹೆಸರಿನ ಅಕ್ಷರಗಳನ್ನು ಚೀಟಿಯ ಕೆಳಗಿದ್ದ ಅವನ ಸಹಿಯ ಜೊತೆ ಮೂರು ಸಲ ತಾಳೆ ನೋಡಿದೆ. ಮಗಳಿಗೆ ಕೊಟ್ಟ ಮಾತಿಗೆ ಇದು ವಿರುದ್ಧವೆಂದು ನನಗೆ ಗೊತ್ತಿತ್ತು. ಆದ್ದರಿಂದ ಆ ಒಂದು ಹಾಳೆಯನ್ನು ಮಿಕ್ಕವುಗಳ ಜೊತೆ ಪಿನ್ನು ಮಾಡದೆ, ಗುರುವಾರದ ಪುಟದ ಹಿಂದೆ ಬಿಡಿಯಾಗಿ ಇಟ್ಟೆ. ಪುಟಸಂಖ್ಯೆಯನ್ನೂ ಹಾಕಲಿಲ್ಲ. ಬೇಡವೆಂದರೆ ತೆಗೆದುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

ಅಕ್ಕ ಕಾರಿನಲ್ಲಿ ಬಿಟ್ಟಳು. ಮುದುಕರು ಮಲಗಿದ್ದರು; ಈಗೀಗ ಹಗಲೆಲ್ಲ ಮಲಗುತ್ತಾರೆ ಎಂದರು ಮಗಳು. ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಕಟ್ಟನ್ನು ತೆಗೆದುಕೊಂಡು ಹಾಳೆ ತಿರುವಿದರು. ಬಿಡಿ ಹಾಳೆ ಜಾರಿ ಹೊಸ್ತಿಲ ಮೇಲೆ ಬಿತ್ತು. ಬಗ್ಗಿ ಎತ್ತಿಕೊಂಡರು. ನಿಧಾನವಾಗಿ ಓದಿದರು, ಅಷ್ಟು ಚಿಕ್ಕದನ್ನು ಓದಲು ಬೇಕಾದುದಕ್ಕಿಂತ ಬಹಳ ಹೆಚ್ಚು ಹೊತ್ತು. ತುಟಿ ಆ ಹೆಸರನ್ನು ಒಂದು ಸಲ ಸದ್ದಿಲ್ಲದೆ ಹೇಳಿತು.

ಆಮೇಲೆ ಒಳಗೆ ಹೋಗಿ ಒಂದು ಪೆನ್ನು ತಂದರು. ಗೋಡೆಗೆ ಒತ್ತಿಹಿಡಿದು, ಹಾಳೆಯ ಮೂಲೆಯಲ್ಲಿ ಬಿಟ್ಟುಹೋಗಿದ್ದ ಪುಟಸಂಖ್ಯೆ ಬರೆದರು. ಅದರ ಮುಂದಿನ ಪುಟದ ಸಂಖ್ಯೆಯನ್ನು ಹೊಡೆದು ಒಂದು ಹೆಚ್ಚಿಸಿದರು. ಅದರ ಮುಂದಿನದನ್ನೂ. ಕೊನೆಯ ಹಾಳೆಯವರೆಗೆ ಹಾಗೆಯೇ ತಿದ್ದುತ್ತ ಹೋದರು. ನಾನು ಮುಗಿಯುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ.